ಶುಕ್ರವಾರದ ಸೂಟಿ

ಸಿಂಧನೂರಿನ ಚಹಾದಂಗಡಿಯ ಮುಂದೆ ಬಂಡಿ ನಿಲ್ಲಿಸಿ ಎತ್ತುಗಳಿಗೆ ನೀರು ಕುಡಿಸುತ್ತಿದ್ದೇವೆ. ಮಸ್ಕಿಯ ಮನೆ ಬಿಟ್ಟು ಬಂದಾಯಿತು. ನಾಳೆ ಹೊಳೆ ದಾಟಿದರೆ ನಿಜಾಮರ ಸೀಮೆ ಮುಗಿದು ಇಂಗ್ರೇಜರ ಸೀಮೆ. ಅಲ್ಲಿ ಮಗಳು ಗೌರಿಯ ಸೋದರಮಾವನ ಮನೆಯಿದೆ. ಇನ್ನು ಮೇಲೆ ತನ್ನ ಮಕ್ಕಳ ಜೊತೆ ಅವನೇ ಇವಳಿಗೂ ಪಾಠ ಹೇಳುತ್ತಾನೆ.

ಮಸ್ಕಿಯ ಶಾಲೆಯಲ್ಲಿ ಕಲಿಸುವುದೆಲ್ಲ ಉರ್ದುವಿನಲ್ಲಿ. ಮಗಳಿಗೆ ಕನ್ನಡ ಬರಲೆಂದು ಅವಳ ತಾಯಿ ಮನೆಯಲ್ಲೇ ಹೇಳಿಕೊಡುತ್ತಿದ್ದಳು. ಓಣಿಯ ಮಕ್ಕಳಿಗೆ ಶುಕ್ರವಾರ ಶಾಲೆ ಇರುತ್ತಿರಲಿಲ್ಲ, ಹಾಗಾಗಿ ಇವಳಿಗೂ ಅಂದೇ ಸೂಟಿ. ಆ ದಿನ ತಾಯಿ ಮಗಳ ತಲೆಗೆ ಎಣ್ಣೆ ಹಚ್ಚಿ ಎರೆಯುತ್ತಿದ್ದಳು. ಹೋದ ತಿಂಗಳು ಜ್ವರ ಬಂದು ತೀರಿಹೋದಳು.

"ಮಾವನ ಊರಾಗ ಐತ್ವಾರ ಸೂಟಿ, ಯವ್ವಾ. ಶುಕ್ರವಾರ ಓದಬೇಕು," ಎಂದು ಗೌರಿಗೆ ಹೇಳಿದೆ.

"ಮತ್ತ ತಲಿಗೆ ಎರಕೊಳ್ಳೋದು?"

"ಅದೂ ಐತ್ವಾರನ. ನಿಮ್ಮತ್ತಿ ಎರಿತಾಳ."

ಗೌರಿ ತನ್ನ ಜಡೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಶುಕ್ರವಾರ ಓದ್ತೀನಪ್ಪಾ," ಎಂದಳು. "ಆದ್ರ ನನಗ ಐತ್ವಾರ ಸೂಟಿ ಬ್ಯಾಡ. ಅವತ್ತೂ ಓದ್ತೀನಿ ಅಂತ ಮಾವಗ ಹೇಳು."

ಹೇಳುತ್ತೇನೆ ಎಂದೆ. ಬಂಡಿಯವನು ಎತ್ತು ಹೂಡಿದ. ಅವಳನ್ನೆತ್ತಿ ಬಂಡಿಯಲ್ಲಿ ಮುಂದೆ ಕೂರಿಸಿ, ನನ್ನ ಮುಖ ಅವಳಿಗೆ ಕಾಣದಂತೆ ನಾನು ಹಿಂದೆ ನಡೆದುಕೊಂಡೇ ಹೊರಟೆ.