‘ಇಲ್ಲ’ ಎಂಬ ಒಂದು ಉದಾಹರಣೆ

ಮಧುಗಿರಿಯ ಶಾಲೆಯೊಂದರ ಹಿಂಬದಿಯ ಕೋಣೆಯಲ್ಲಿ ಭಾನುವಾರಗಳಂದು ನಾನು ಔಪಚಾರಿಕ ಭಾಷೆಗಳ, ಅಂದರೆ ‘ಫಾರ್ಮಲ್ ಲಾಂಗ್ವೇಜ್’ಗಳ ಪಾಠ ಮಾಡುತ್ತಿದ್ದೆ. ಶಿರಾ, ಕೊರಟಗೆರೆ, ಪಾವಗಡಗಳ ಪದವಿ ವಿದ್ಯಾರ್ಥಿಗಳು ಗಣಕವಿಜ್ಞಾನದ ಈ ಅಮೂರ್ತ ಭಾಗವನ್ನು ಗೈಡು ಉರುಹೊಡೆಯದೆ, ಕನ್ನಡದಲ್ಲೇ ಯೋಚಿಸಿ ಕಲಿಯಬಲ್ಲರೆಂಬುದು ನನ್ನ ವಾದ. ಕಾಲೇಜಿನ ಚರ್ಚಾಸ್ಪರ್ಧೆಗಳಿಂದ ಬಂದವನಿಗೆ ಶಾಲೆಯ ಕಾರ್ಯದರ್ಶಿಯನ್ನು ಒಪ್ಪಿಸುವುದು ಕಷ್ಟವಾಗಲಿಲ್ಲ. ಬೆಂಚು ಖಾಲಿಯಾದರೆ ಮಾತ್ರ ಕೋಣೆ ಪೊಲೀಸ್ ಪರೀಕ್ಷೆಯ ಕೋಚಿಂಗಿಗೆ ಹೋಗುತ್ತದೆ ಎಂದಿದ್ದರು.

ನಮ್ಮ ಪಾಠದ ಭಾಷೆಗಳಿಗೆ ಅರ್ಥವಿರಲಿಲ್ಲ. ಕ ಮತ್ತು ಗ ಎಂಬ ಎರಡೇ ಅಕ್ಷರ. ಯಾವ ಸರಣಿ ಒಳಗೆ, ಯಾವುದು ಹೊರಗೆ ಎಂಬ ನಿಯಮವೇ ಭಾಷೆ. ಅಕ್ಷರಗಳ ಎಣಿಕೆಯನ್ನು ನೆನಪಿಡಬೇಕಿಲ್ಲದ ಭಾಷೆಗಳದು ಒಂದು ಕುಟುಂಬ, ನೆನಪಿಡಲೇಬೇಕಾದವುಗಳದು ಇನ್ನೊಂದು. ಒಮ್ಮೆ ಕಗ, ಕಕಗಗ, ಕಕಕಗಗಗ ಎಂದು ಬರೆದು ನಿಯಮ ಕೇಳಿದೆ.

"ಮೊದ್ಲು ಕ, ಆಮೇಕೆ ಗ. ಎಷ್ಟಾದ್ರೂ ಇರ್ಲಿ ಸಾರ್," ಎಂದ, ಗೊರವನಹಳ್ಳಿಯ ದೇವಸ್ಥಾನದ ಬಳಿ ಹೂವು ಮಾರುತ್ತಾ ಓದುತ್ತಿದ್ದ ಯುವಕ.

ಬಲಸಮುದ್ರದಿಂದ ಬರುತ್ತಿದ್ದ ಹುಡುಗಿ ಒಪ್ಪಲಿಲ್ಲ. "ಎರಡೂ ಸಮ ಇರ್ಬೇಕು. ಸಾರ್, ಕಕಗ ಸೇರ್ತದಾ?"

"ಇಲ್ಲ" ಎಂದೆ.

"ನೋಡ್ದಾ? ಹೂವಿನ ಮೊಳ ಅಲ್ಲ ಕಣೋ ಇದು, ನಿನ್ ಕೈ ಬಂದಂಗೆ ಅಳೆಯಾಕೆ!"

ಎಲ್ಲರೂ ನಕ್ಕರು. ಸೇರುವ ಸರಣಿಗಳನ್ನಷ್ಟೇ ಎಷ್ಟು ತೋರಿಸಿದರೂ ಅವನ ಊಹೆ ತಪ್ಪೆಂದು ತಿಳಿಯದು, ಅವೆಲ್ಲವೂ ಅದರೊಳಗೇ ಅಡಗುತ್ತವೆ. ಅಷ್ಟು ಅಗಲವಾದ ಊಹೆಯನ್ನು ಮುರಿಯಲು ಒಂದು ‘ಇಲ್ಲ’ ಬೇಕು ಎಂದು ವಿವರಿಸಿದೆ. ಆ ತರಗತಿಯಷ್ಟು ಸಂತೋಷ ನನಗೆ ಮತ್ತೆ ಸಿಗಲಿಲ್ಲ.

ಬೆಂಚುಗಳು ತೆರವಾಗತೊಡಗಿದಾಗ ವಿದ್ಯಾರ್ಥಿಗಳನ್ನು ಮತ್ತೆ ಕರೆಯಲು ಊರೂರು ಅಲೆದೆ. ಶಿರಾದ ಬಸ್ ನಿಲ್ದಾಣದಲ್ಲಿ ಸಿಕ್ಕವರು "ಈ ವಾರ ಗ್ಯಾರಂಟಿ ಸಾರ್" ಎಂದರು. ಗೊರವನಹಳ್ಳಿಯ ಯುವಕ, "ಬತ್ತೀನಿ ಸಾರ್, ಬರ್ದೆ ಎಲ್ಲೋಗ್ಲಿ? ಹೂವು ತಗಂಡೋಗಿ ಮನೇಗೆ" ಎಂದು ದುಡ್ಡು ಮುಟ್ಟಲಿಲ್ಲ. ಮಾತು ಕೊಟ್ಟವರು ಯಾರೂ ಬರಲಿಲ್ಲ. ಚರ್ಚೆಯಲ್ಲಿ ಎದುರಾಳಿ ‘ಇಲ್ಲ’ ಎನ್ನುತ್ತಾನೆ, ಅಲ್ಲಿಂದ ವಾದ ಕಟ್ಟಬಹುದು. ಹೌದೆಂದು ಹೂವು ಕೊಟ್ಟು ಕಳಿಸುವವರ ಮುಂದೆ ಏನನ್ನು ಖಂಡಿಸಲಿ? ಅಷ್ಟೊಂದು ‘ಹೌದು’ಗಳನ್ನು ಕೂಡಿಟ್ಟುಕೊಂಡು, ತರಗತಿ ಬದುಕಿದೆಯೆಂದೇ ನಂಬಿದ್ದೆ.

ಕೊನೆಗೆ ಬಲಸಮುದ್ರದ ಆ ಹುಡುಗಿಯೊಬ್ಬಳೇ ಉಳಿದಳು. ಒಂದು ಭಾನುವಾರ ಅವಳು ಚೀಲ ಕೆಳಗಿಡದೆ ಬಾಗಿಲಲ್ಲೇ ನಿಂತಳು.

"ಸಾರ್, ನಾನಿನ್ನು ಬರಲ್ಲ. ಸೋಲಾರ್ ಪಾರ್ಕಲ್ಲಿ ಪ್ಯಾನಲ್ ತೊಳಿಯೋ ಕೆಲ್ಸ ಸಿಕ್ಕೈತೆ, ಭಾನುವಾರನೂ ಹೋಗ್ಬೇಕು."

"ಉಳಿದವರು ಬರುತ್ತೇವೆ ಎಂದಿದ್ದಾರಲ್ಲ, ಅವರಿಂದ ಪಾಠ ತಿಳಿದುಕೋ."

"ಅವ್ರೂ ಬರಲ್ಲ ಸಾರ್. ನಿಮಗೆ ಬೇಜಾರಾಗ್ತದೆ ಅಂತ ಯಾರೂ ಹೇಳ್ಲಿಲ್ಲ." ಹೊರಡುತ್ತಾ ಸೇರಿಸಿದಳು: "ನಂಗೂ ಹೇಳಾಕೆ ಮನಸ್ಸಿರ್ಲಿಲ್ಲ."

ಅವಳ ಬಸ್ಸಿಗೆ ಹೊತ್ತಾಗಿತ್ತು. ಹಲಗೆ ಒರೆಸಿ ಬಾಗಿಲು ಹಾಕಿದೆ.

ಕೀಲಿ ಪಡೆಯುತ್ತಾ ಶಾಲೆಯ ಜವಾನ ಎಂದಿನಂತೆ ಕೇಳಿದ: "ಮುಂದಿನ್ವಾರ ಬತ್ತೀರಲ್ಲ ಸಾ?"

ಅವನ ಮುಖದಲ್ಲಿ ಅಕ್ಕರೆಯಿತ್ತು; ‘ಇಲ್ಲ’ ಎನ್ನಲು ನನಗೂ ಮನಸ್ಸಾಗಲಿಲ್ಲ.

"ಬರ್ತೀನಪ್ಪ, ಬರದೆ ಏನು" ಎಂದೆ.