ಶೀಗಿ ಹುಣ್ಣಿಮೆಗೆ ಐದು ದಿನ

ಮರಾಠಿ ಸೀಮೆಯ ಕೋಪರಖೈರಣೆಯಲ್ಲಿ ನಮ್ಮ ವಸತಿ ಸೊಸೈಟಿಯ ಹಿಂದೆ ಒಂದು ತುಂಡು ಜಾಗ ಹಾಳುಬಿದ್ದಿತ್ತು. ಮೇ ತಿಂಗಳ ರಜೆಯಲ್ಲಿ ಸುತ್ತಲಿನ ಕಾಲೇಜು ಮಕ್ಕಳು ಸೇರಿ ಅಲ್ಲಿ ತರಕಾರಿ ಬೆಳೆಯಲು ಹೊರಟರು. ಸೊಸೈಟಿಯ ಒಪ್ಪಿಗೆ ಕಾಗದಕ್ಕೆ ದೊಡ್ಡವರ ಪೈಕಿ ಒಬ್ಬರು ರುಜು ಹಾಕಬೇಕಿತ್ತು. ನಿವೃತ್ತಳಾಗಿ ಮನೆಯಲ್ಲಿ ಕೂತು ಎಲ್ಲರ ತಲೆ ತಿನ್ನುತ್ತಿದ್ದ ನಾನು ಹಾಕಿದೆ. ದಸರೆಯ ಮರುದಿನ ಜಾಗ ಬಿಟ್ಟುಕೊಡಬೇಕೆಂದು ಆ ಕಾಗದದಲ್ಲೇ ಇತ್ತು. ಓದಿಯೇ ಹಾಕಿದ್ದೆ.

ನಾನು ಮಕ್ಕಳಿಗೆ ಕನ್ನಡದಲ್ಲಿ ಬೈದರೆ ಅವರು ಹಿಂದಿಯಲ್ಲಿ ನನ್ನನ್ನು ಸಮಾಧಾನ ಮಾಡುತ್ತಿದ್ದರು. ಅವರಲ್ಲಿ ಒಬ್ಬ ಹುಡುಗಿಯ ಮನೆಯವರು ವಿಜಯಪುರದ ಕಡೆಯವರು. ತಾಯಿಗೆ ಕಟ್ಟಡದ ಕೆಲಸ. ಮೊದಲ ಮಳೆ ಬಿದ್ದ ಭಾನುವಾರ ಆ ತಾಯಿ ಸೆರಗಿನಲ್ಲಿ ತೊಗರಿ ಬೀಜ ಕಟ್ಟಿಕೊಂಡು ಬಂದಳು.

"ಅಕ್ಕಾರ, ಒಂದ್ ಸಾಲ್ ನನಗ ಬಿಡ್ರಿ. ಶೀಗಿ ಹುಣ್ಣಿಮಿಗೆ ಚರಗಾ ಚೆಲ್ಲಾಕ ಇಲ್ಲಿ ನಮಗ ಹೊಲಾ ಎಲ್ಲೈತ್ರಿ?"

ಶೀಗಿ ಹುಣ್ಣಿಮೆ ಎಂದರೆ ಭೂಮಿತಾಯಿಯ ಸೀಮಂತ. ಬೆಳೆ ಬಸುರಿಯೆಂದು ಹೊಲಕ್ಕೆ ಹೋಗಿ ಪೂಜೆ ಮಾಡಿ, ರೊಟ್ಟಿ, ಕಡುಬು, ಪಲ್ಯವನ್ನು ಸಾಲುಗಳ ನಡುವೆ ಚೆಲ್ಲುತ್ತಾರೆ, ಅದೇ ಚರಗ. ಊರು ಬಿಟ್ಟ ಮೇಲೆ ಅವಳು ಒಮ್ಮೆಯೂ ಮಾಡಿರಲಿಲ್ಲವಂತೆ. ನಾನು ಉಡುಪಿಯವಳು, ತೊಗರಿಯನ್ನು ಡಬ್ಬಿಯೊಳಗಿನ ಬೇಳೆಯಾಗಿ ಮಾತ್ರ ಕಂಡವಳು. "ಧಾರಾಳ ಹಾಕಿ ಮಾರಾಯ್ರೆ" ಎಂದುಬಿಟ್ಟೆ. ಆ ಹುಣ್ಣಿಮೆ ದಸರೆ ಕಳೆದು ಐದನೆಯ ದಿನಕ್ಕೆ ಬರುತ್ತದೆಂದು ಕ್ಯಾಲೆಂಡರ್ ನೋಡುವ ಬುದ್ಧಿ ನನಗೆ ಬರಲಿಲ್ಲ.

ಮಳೆಗಾಲ ಮುಗಿಯುವಷ್ಟರಲ್ಲಿ ಬೆಂಡೆ, ಹರಿವೆ ಎಲ್ಲ ಮುಗಿದವು. ಮಕ್ಕಳೂ ಪರೀಕ್ಷೆಯೆಂದು ಚದುರಿದರು. ತೊಗರಿ ಮಾತ್ರ ಎದೆಯೆತ್ತರ ಬೆಳೆದು ಮೊಗ್ಗು ಬಿಟ್ಟಿತು. ತಾಯಿ ಭಾನುವಾರ ಬಂದು ಗಿಡಗಳನ್ನು ಮುಟ್ಟಿ ನೋಡಿ ಹೋಗುತ್ತಿದ್ದಳು.

ನವರಾತ್ರಿಯಲ್ಲಿ ಸೊಸೈಟಿಯ ಸೆಕ್ರೆಟರಿ ಆ ಜಾಗದಲ್ಲಿ ಪಾರ್ಕಿಂಗಿಗೆ ನೆಲ ಸಮ ಮಾಡಿಸುವ ಸುದ್ದಿ ತಂದರು. ದಸರೆ ಆದ ಮೇಲೆ ಐದು ದಿನ ತಡೆಯಿರಿ ಎಂದೆ.

"ಮ್ಯಾಡಮ್, ಸೈನ್ ತೋ ಆಪ್‌ನೇ ಹೀ ಕಿಯಾ ಹೈ ನಾ?" ಎಂದು ಕಾಗದ ಮುಂದೆ ಹಿಡಿದರು. ಜಗಳಕ್ಕೆ ನಾನು ಎಂದೂ ಹಿಂಜರಿದವಳಲ್ಲ. ಅವತ್ತು ನನ್ನದೇ ರುಜು ನೋಡಿ ಕಾಗದ ಹಿಂದಕ್ಕೆ ಕೊಟ್ಟೆ.

ದಸರೆಯ ಮರುದಿನ ಜೆಸಿಬಿ ಬಂತು. ಕಾಲು ಗಂಟೆಯೂ ಬೇಕಾಗಲಿಲ್ಲ. ಹುಡುಗಿ ನನ್ನ ಪಕ್ಕದಲ್ಲೇ ನಿಂತಿದ್ದಳು. "ಆಂಟಿ, ಆಯೀಲಾ ತುಮ್ಹೀಚ್ ಸಾಂಗಾ" ಎಂದಳು. ಅಮ್ಮನಿಗೆ ನೀವೇ ಹೇಳಿ ಎಂದು. ಹೇಳುತ್ತೇನೆಂದು ಒಪ್ಪಿಕೊಂಡೆ. ತಾಯಿಗೆ ಆ ವಾರ ಕಲ್ಯಾಣದ ಸೈಟಿನಲ್ಲಿ ಕೆಲಸ, ಮಲಗುವುದೂ ಅಲ್ಲೇ. ದಿನಾ ಫೋನು ಕೈಗೆತ್ತಿಕೊಂಡೆ, ದಿನಾ ಕೆಳಗಿಟ್ಟೆ.

ಹುಣ್ಣಿಮೆಯ ಬೆಳಿಗ್ಗೆ ಅವಳು ಹಸಿರು ಸೀರೆಯುಟ್ಟು, ಬುಟ್ಟಿ ಹೊತ್ತು ಬಂದಳು. ಸಾಲಾಗಿ ನಿಂತ ಕಾರುಗಳನ್ನು ನೋಡಿದಳು.

"ನಮ್ಮ ಸಾಲ್ ಎಲ್ಲಿತ್ರಿ?"

ಅದನ್ನು ಸರಿಯಾಗಿ ತೋರಿಸುವುದಕ್ಕೂ ನನ್ನಿಂದ ಆಗಲಿಲ್ಲ. ಒಂದು ಬಿಳಿ ಕಾರಿನ ಕಡೆ ಕೈಮಾಡಿದೆ.

"ಬಸುರಿ ಅದಾಳ, ಐದ್ ದಿನ ತಡೀರಿ ಅಂತ ಹೇಳಲಿಲ್ಲೇನ್ರಿ ಅಕ್ಕಾರ?"

ಐದು ದಿನ ಕೇಳಿದ್ದೆ. ಯಾಕೆಂದು ಹೇಳಿರಲಿಲ್ಲ. ನಗುತ್ತಾರೆಂದು ನಾಚಿಕೊಂಡಿದ್ದೆ.

ಅವಳು ಬುಟ್ಟಿ ಇಳಿಸಿ ಒಂದು ರೊಟ್ಟಿಯ ಮೇಲೆ ಪಲ್ಯ ಹಾಕಿ ನನ್ನ ಕೈಗಿಟ್ಟಳು. "ಚರಗದ ಬುಟ್ಟಿ ತುಂಬಿದ್ದು ಹೊಳ್ಳಿ ಮನಿಗೆ ಒಯ್ಯಬಾರದ್ರಿ. ತಿನ್ರಿ."

ಕಾರಿನ ಪಕ್ಕ ನಿಂತುಕೊಂಡೇ ತಿಂದೆ. ಬೇಡ ಎನ್ನುವ ಯೋಗ್ಯತೆಯೂ ನನಗೆ ಉಳಿದಿರಲಿಲ್ಲ.