ಬೀರಲಿಂಗಪ್ಪನ ಹನ್ನೊಂದು ಸೆಕೆಂಡು

ಮಕ್ತಲ್‌ನ ಬೀರಲಿಂಗಪ್ಪ ಟ್ರಾಲಿ ಆಟೋ ಓಡಿಸುತ್ತಾನೆ. ರಾಯಚೂರು ದಾಟಿದರೆ ಸಿಗುವ, ಕನ್ನಡ ತೆಲುಗು ಎರಡೂ ನಡೆಯುವ ಊರು ಅದು. ಸಂತೆಗೆ ಕುರಿ, ಮದುವೆಗೆ ಕುರ್ಚಿ, ಮೆರವಣಿಗೆಗೆ ಸೌಂಡ್ ಬಾಕ್ಸು, ಏನು ಸಿಕ್ಕರೂ ಹೇರಿಕೊಂಡು ಹೊರಡುತ್ತಾನೆ. ಕುರಿ ಕಾಯುವ ಮನೆತನ. ಬೀರಪ್ಪನಿಗೆ ಹರಕೆ ಹೊತ್ತ ಮೇಲೆ ಹುಟ್ಟಿದನೆಂದು ತಾಯಿತಂದೆ ಆ ಹೆಸರಿಟ್ಟರು. ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಅವನು ತನಗೆ ತಾನೇ ಇನ್ನೊಂದು ಹೆಸರು ಇಟ್ಟುಕೊಂಡ: ಎಂಸಿ ಬೀರ್. ರ‍್ಯಾಪ್ ಹಾಡುವವರು ಹೆಸರಿನ ಮುಂದೆ ಎಂಸಿ ಹಾಕಿಕೊಳ್ಳುವುದನ್ನು ಫೋನಿನಲ್ಲಿ ನೋಡಿದ್ದ. ಹೆಸರಿನಿಂದ ಲಿಂಗಪ್ಪನನ್ನು ಕತ್ತರಿಸಿ ಹಾಕಿದರೆ ಉಳಿಯುವುದೇನು ಎಂದು ಅವನು ಯೋಚಿಸಿರಲಿಲ್ಲ. ಹೆಂಡತಿ ರಜಿತಾ ಯೋಚಿಸಿದ್ದಳು. “ಹೆಸರು ಕೇಳಿದವರು ಬಾಟ್ಲಿ ಕೇಳ್ತಾರ ನೋಡ್ರಿ,” ಎಂದಳು. ಅವನು ಕಿವಿಗೆ ಹಾಕಿಕೊಳ್ಳಲಿಲ್ಲ.

ಅವನಿಗೆ ಜೊತೆಗಾರ ಸಿಕ್ಕಿದ್ದು ತೆಲಂಗಾಣ ರಾಜ್ಯವಾದ ದಿನ, ಎರಡು ಸಾವಿರದ ಹದಿನಾಲ್ಕರ ಜೂನ್ ಎರಡರಂದು. ಗದ್ವಾಲದಲ್ಲಿ ಸಭೆಯಿತ್ತು. ಬೀರ ಸೌಂಡ್ ಬಾಕ್ಸುಗಳನ್ನು ಇಳಿಸಿ ಬೆವರು ಒರೆಸಿಕೊಳ್ಳುತ್ತಿದ್ದ. ಮಿಕ್ಸರ್ ಮುಂದೆ ಕೂತಿದ್ದವನು ವ್ಯಾಸರಾಜ. ಆ ಊರಿನ ಅರ್ಚಕರ ಮನೆಯವನು. ಅವನ ಅಪ್ಪ, ಅಜ್ಜ ಪೂಜೆ ಮಾಡಿಕೊಂಡಿದ್ದ ಮನೆಯ ಪಡಸಾಲೆಯಲ್ಲಿ ಒಂದು ಕಂಪ್ಯೂಟರು, ಒಂದು ಮೈಕು ಇಟ್ಟುಕೊಂಡು ಪ್ರವಚನ, ಭಜನೆ, ಚುನಾವಣೆಯ ಹಾಡು, ಬಟ್ಟೆ ಅಂಗಡಿಯ ಜಾಹೀರಾತು ರೆಕಾರ್ಡ್ ಮಾಡುತ್ತಿದ್ದ.

“ಒಂದೆರಡು ಮಾತಾಡಪಾ, ಮೈಕ್ ನೋಡಬೇಕು,” ಎಂದ ವ್ಯಾಸರಾಜ.

ಬೀರ ಮೈಕ್ ಹಿಡಿದು ಸುರು ಮಾಡಿದ: “ನನ್ನ ಗಾಡಿ ಬಂದ್ರ ರೋಡು ನಡುಗತೈತಿ, ನನ್ನ ಮಾತು ಬಂದ್ರ ಮೈಕು ಬೆವರತೈತಿ...” ನಿಜವಾಗಿ ಅವನ ಗಾಡಿ ಬಂದರೆ ನಡುಗುತ್ತಿದ್ದುದು ಗಾಡಿಯೇ. ಮುಂದಿನದನ್ನು ಅವನು ಎಷ್ಟು ವೇಗದಲ್ಲಿ ಹೇಳಿದನೆಂದರೆ, ಶಾಮಿಯಾನ ಕಟ್ಟುತ್ತಿದ್ದವರು ಯಾರಿಗೋ ಜಗಳ ಹತ್ತಿದೆ ಎಂದು ಓಡಿ ಬಂದರು.

“ತಾಳ ತಪ್ಪಲಿಲ್ಲ,” ಎಂದ ವ್ಯಾಸರಾಜ. “ಆದ್ರ ಏನಂದಿ ಅನ್ನೋದು ತಿಳೀಲಿಲ್ಲ.”

“ತಿಳಿಯಾಕಂತ ಅಲ್ರೀ ಆಚಾರ್ರ, ಬಡಿಯಾಕಂತ.”

ಹೀಗೆ ಇಬ್ಬರೂ ಸೇರಿ ಎಂಟು ಹಾಡುಗಳ ಆಲ್ಬಮ್ ಮಾಡುವುದೆಂದು ನಿರ್ಧಾರವಾಯಿತು. ಆರು ತಿಂಗಳ ಕೆಲಸ ಎಂದುಕೊಂಡರು. ಐದು ವರ್ಷ ಹಿಡಿಯಿತು.

ಮೊದಲ ತೊಂದರೆ ಗೋಡೆಗಳದು. ಪಡಸಾಲೆಯಲ್ಲಿ ಪ್ರವಚನ ಗುಂಯ್ ಎಂದರೆ ಕೇಳುವವರಿಗೆ ಭಕ್ತಿ ಬರುತ್ತಿತ್ತು. ರ‍್ಯಾಪ್ ಗುಂಯ್ ಎಂದರೆ ತಲೆನೋವು ಬರುತ್ತಿತ್ತು. ಬೀರ ಮನೆಯಿಂದ ಹದಿನಾಲ್ಕು ಕರಿ ಕಂಬಳಿ ಹೇರಿಕೊಂಡು ಜೂರಾಲ ಡ್ಯಾಂ ದಾಟಿ ಬಂದ. ಗೋಡೆಗೆಲ್ಲ ಹೊಡೆದರೆ ಸದ್ದು ಹೀರಿಕೊಳ್ಳುತ್ತದೆ. ಆದರೆ ಅದು ಮಡಿ ಮನೆ. ಬಾಗಿಲಲ್ಲಿ ವ್ಯಾಸರಾಜನ ತಾಯಿ ವಿಜಯಾಬಾಯಿ ನಿಂತಿದ್ದರು. ಇಬ್ಬರು ಗಂಡಸರೂ ಕಂಬಳಿ ಹೊತ್ತು ಅಂಗಳದಲ್ಲೇ ನಿಂತರು.

“ಉಣ್ಣಿ ಕಂಬಳಿಗೆ ಮೈಲಿಗಿ ಇಲ್ಲ. ಒಳಗ ತರ್ರಿ,” ಎಂದರು ಅವರು. ಕಂಬಳಿ ಹತ್ತಿರ ಬಂದ ಮೇಲೆ ಸೆರಗಿನಿಂದ ಮೂಗು ಮುಚ್ಚಿಕೊಂಡರು. “ಮೈಲಿಗಿ ಇಲ್ಲಂದೆ. ವಾಸನಿ ಇಲ್ಲ ಅಂದಿಲ್ಲ. ಎರಡು ದಿನ ಬಿಸಲಾಗ ಹಾಕ್ರಿ.”

ಎರಡನೆಯ ತೊಂದರೆ ಸರಕಾರದ್ದು. ಆಲ್ಬಮ್ಮಿನ ಮುಖ್ಯ ಹಾಡಿನ ಪಲ್ಲವಿ, “ನಂದೂ ನಿಂದೂ ಒಂದೇ ಜಿಲ್ಲಾ, ನಮ್ಮ ಮುಂದ ಯಾರೂ ಇಲ್ಲಾ”. ಇಬ್ಬರೂ ಆಗ ಮಹಬೂಬ್‌ನಗರ ಜಿಲ್ಲೆಯವರು. ಹದಿನಾರರ ದಸರೆಗೆ ಗದ್ವಾಲ ಬೇರೆ ಜಿಲ್ಲೆಯಾಯಿತು. ಊರೆಲ್ಲ ಪಟಾಕಿ ಹೊಡೆಯುತ್ತಿರುವಾಗ ಬೀರ ಪಡಸಾಲೆಯಲ್ಲಿ ತಲೆಯ ಮೇಲೆ ಕೈ ಹೊತ್ತು ಕೂತಿದ್ದ. “ನಾ ಈಗ ನಿನ್ನ ಜಿಲ್ಲಾದಾಂವ ಅಲ್ಲಪಾ,” ಎಂದು ವ್ಯಾಸರಾಜ ಕೈಗೆ ಪೇಢೆ ಕೊಟ್ಟ. ಪಲ್ಲವಿ ಬದಲಾಯಿಸಿ, ಮಹಬೂಬ್‌ನಗರದಿಂದ ಗದ್ವಾಲಕ್ಕೆ ಸವಾಲು ಹಾಕುವ ಹಾಡಾಗಿ ತಿರುಗಿಸಿದರು. ಹತ್ತೊಂಬತ್ತರ ಫೆಬ್ರುವರಿಯಲ್ಲಿ ನಾರಾಯಣಪೇಟೆಯೂ ಜಿಲ್ಲೆಯಾಗಿ, ಮಕ್ತಲ್ ಅದಕ್ಕೆ ಸೇರಿತು. ಕೊನೆಗೆ ಬೀರ ಯಾವ ಸರಕಾರವೂ ಕೆಡಿಸಲಾಗದ ಸಾಲು ಬರೆದ: “ನಿಂದು ಯಾವ ಜಿಲ್ಲಾ? ನಂಗೂ ಗೊತ್ತಿಲ್ಲಾ.”

ಈ ಎರಡು ಬದಲಾವಣೆಗಳ ನಡುವೆ, ಹದಿನೆಂಟರ ಮಳೆಗಾಲದಲ್ಲಿ, ಇಬ್ಬರೂ ಮಾತು ಬಿಟ್ಟಿದ್ದರು.

ಐದನೆಯ ಹಾಡಿನ ಮಧ್ಯದಲ್ಲಿ ಬೀರ ಹನ್ನೊಂದು ಸೆಕೆಂಡು ಉಸಿರು ತೆಗೆದುಕೊಳ್ಳದೆ ಹೇಳುವ ಒಂದು ತುಂಡಿತ್ತು. ಆಲ್ಬಮ್ಮಿನಲ್ಲೇ ಅತಿ ವೇಗದ ತುಂಡು. ಬೀರನಿಗೆ ಅದರ ಬಗ್ಗೆ ಬಹಳ ಹೆಮ್ಮೆ. ಒಂದು ಮಧ್ಯಾಹ್ನ ಮಿಕ್ಸಿಂಗ್ ಮಾಡುತ್ತ ವ್ಯಾಸರಾಜ ಕಂಪ್ಯೂಟರಿನಲ್ಲಿ ಅದರ ವೇಗ ಅರ್ಧಕ್ಕಿಳಿಸಿ ಕೇಳಿದ. ಆಗ ಪದಗಳು ಬಿಡಿಸಿಕೊಂಡವು. ಕೊನೆಯ ಸಾಲುಗಳು ಹೀಗಿದ್ದವು:

“ಸಾಲಿ ಗೇಟಿನಾಗ ನಿಂತಿದ್ದ, ಹೆಗಲಾಗ ಕಂಬಳಿ ಇತ್ತಲ್ಲ. ಯಾರಂವ ಅಂದ್ರು ಗೆಳ್ಯಾರು. ಊರಾಂವ ಅಂದೆ, ಅಪ್ಪ ಅನ್ಲಿಲ್ಲ.”

ವ್ಯಾಸರಾಜ ಕಿವಿಯಿಂದ ಹೆಡ್‌ಫೋನ್ ತೆಗೆದ. “ಇದು ನಿಮ್ಮ ಅಪ್ಪನ ಮಾತೇನು?”

ಬೀರ ಮೈಕಿನ ವೈರು ಸುತ್ತತೊಡಗಿದ.

“ಉಳಿದ ಏಳು ಹಾಡಿನಾಗ ನೀ ಹುಲಿ, ಸಿಂಹ, ಏನೇನೋ ಆಗೀದಿ. ಇದೊಂದ್ರಾಗ ಮನಷ್ಯಾ ಇದ್ದೀ. ಇದನ್ನ ನಿಧಾನ ಹೇಳು. ನಾಲ್ಕು ಮಂದಿಗೆ ತಿಳೀಲಿ.”

“ತಿಳೀಬಾರದಂತನ ಜೋರ್ ಹೇಳೀನ್ರಿ.”

“ಹಂಗಾದ್ರ ಹಾಡ್ಯಾಕ ಮಾಡ್ದಿ?”

“ನನ್ನ ಹಾಡು, ನನ್ನ ಅಪ್ಪ. ನೀವು ಗುಂಡಿ ಒತ್ತೂದು ನೋಡ್ಕೋರಿ.”

ಹಾಗೆಂದು ಚಪ್ಪಲಿ ಮೆಟ್ಟಿ ಹೋದವನು ಮೂರು ತಿಂಗಳು ಗದ್ವಾಲದ ಕಡೆ ತಿರುಗಿ ನೋಡಲಿಲ್ಲ. ಗದ್ವಾಲ ದಾಟಿ ಹೋಗಬೇಕಾದ ಶಾಂತಿನಗರಕ್ಕೆ ಬಾಡಿಗೆ ಬಂದರೂ ಸುತ್ತುಹಾಕಿ ಹೋಗುತ್ತಿದ್ದ. ಡೀಸೆಲ್ ದಂಡ, ಮರ್ಯಾದೆ ಭದ್ರ.

ಕೊನೆಗೆ ವಿಜಯಾಬಾಯಿ ಫೋನ್ ಮಾಡಿದರು. “ನಿನ್ನ ಕಂಬಳಿ ಒಯ್ಯಲಿಕ್ಕರ ಬರ್ತೀಯೋ ಇಲ್ಲೋ? ನುಸಿ ಹಿಡೀಲಿಕ್ಕತ್ತಾವ.”

ಬೀರ ಕಂಬಳಿ ಒಯ್ಯಲೆಂದೇ ಬಂದ. ಅವರು ಮೊದಲು ಉಣ್ಣಲು ಕೂಡಿಸಿದರು. ಅನ್ನ, ಹುಳಿ, ಮಾವಿನಕಾಯಿ ಉಪ್ಪಿನಕಾಯಿ. ಎರಡನೆಯ ಸಲ ಬಡಿಸುತ್ತ ಕೇಳಿದರು: “ಆವತ್ತು ನಿಮ್ಮಪ್ಪ ಸಾಲಿಗೆ ಯಾಕ ಬಂದಿದ್ದ?”

“ನಿಮಗ ಹೆಂಗ ಗೊತ್ತಾತ್ರಿ ಅಮ್ಮಾರ?”

“ನಿಧಾನ ಮಾಡಿ ಹಚ್ಚಿದ್ದನಲ್ಲ ಇವ. ಅಡಗಿ ಮನಿಗೆ ಕೇಳಸ್ತು.”

ಬೀರ ತಾಟು ನೋಡಿಕೊಂಡೇ ಹೇಳಿದ. ಆಗ ಅವನು ಎಂಟನೆಯ ಇಯತ್ತೆ, ಹಾಸ್ಟೆಲಿನಲ್ಲಿದ್ದ. ಅಪ್ಪ ಕಾಳಪ್ಪ ಕುರಿ ಹಿಂಡು ಹೊಡೆದುಕೊಂಡು ರಾಯಚೂರು ಸೀಮೆಗೆ ಹೊರಟಿದ್ದ. ಮತ್ತೆ ನಾಲ್ಕು ತಿಂಗಳು ಮುಖ ಕಾಣುವುದಿಲ್ಲವೆಂದು ದಾರಿ ಬಿಟ್ಟು ಶಾಲೆಯ ತನಕ ಬಂದಿದ್ದ. ಕೈಯಲ್ಲಿ ಮಿರ್ಚಿ ಬಜ್ಜಿಯ ಪೊಟ್ಟಣ. ಗೆಳೆಯರು ಕೇಳಿದಾಗ ಬೀರ ಊರವನು ಎಂದುಬಿಟ್ಟ. ಹದಿನೈದು ವರ್ಷವಾಗುತ್ತ ಬಂತು. ಅಪ್ಪನ ಎದುರು ಆ ಮಾತು ಎತ್ತಲು ಆಗಿಲ್ಲ.

“ಅದನ್ನ ಹನ್ನೊಂದು ಸೆಕೆಂಡಿನಾಗ ಮುಗಿಸ್ಬೇಕಂತ ಮಾಡಿದ್ದೇನು?” ಎಂದರು ವಿಜಯಾಬಾಯಿ. “ಮಜ್ಜಿಗಿ ಹಾಕ್ಲೇನು?”

ಮಜ್ಜಿಗೆ ಉಂಡು ಎದ್ದವನು ಸೀದಾ ಮೈಕಿನ ಮುಂದೆ ಹೋಗಿ ನಿಂತ. ಆ ತುಂಡನ್ನು ನಿಧಾನವಾಗಿ ಹೇಳಲು ಅವನಿಗೆ ಮೊದಲು ಬರಲೇ ಇಲ್ಲ. ನಾಲಿಗೆ ಓಡುತ್ತಿತ್ತು. ಸಂಜೆಯವರೆಗೆ ಇಪ್ಪತ್ತೇಳು ಸಲ ಹೇಳಿಸಿದ ವ್ಯಾಸರಾಜ, ಒಂದು ಸಲವೂ ಬೇಸರಪಡಲಿಲ್ಲ. ಕೊನೆಯ ಸಲ ಪದಗಳು ಬಿಡಿಬಿಡಿಯಾಗಿ ಬಂದವು. ಗುಂಡಿಯ ಮಾತನ್ನು ಇಬ್ಬರೂ ಎತ್ತಲಿಲ್ಲ. ಕಂಬಳಿಗಳು ಗೋಡೆಯ ಮೇಲೇ ಉಳಿದವು.

ಹಾಡನ್ನು ಮೊದಲು ಕೇಳಿಸಬೇಕಾದದ್ದು ಯಾರಿಗೆ ಎಂಬುದರಲ್ಲಿ ಅನುಮಾನವಿರಲಿಲ್ಲ. ಧೈರ್ಯ ಮಾತ್ರ ಇರಲಿಲ್ಲ. ಒಂದು ಬೆಳಗ್ಗೆ ರಜಿತಾ ಗಂಡನ ಕೈಯಿಂದ ಫೋನ್ ಕಿತ್ತುಕೊಂಡು, ಕಟ್ಟೆಯ ಮೇಲೆ ಉಣ್ಣೆ ನೂಲುತ್ತಿದ್ದ ಮಾವನ ಪಕ್ಕದಲ್ಲಿಟ್ಟು ಹಾಡು ಹಚ್ಚಿದಳು. ಬೀರ ಆಟೋದ ಕೆಳಗೆ ತೂರಿಕೊಂಡು ಇಲ್ಲದ ರಿಪೇರಿ ಮಾಡತೊಡಗಿದ.

ಕಾಳಪ್ಪ ಕೊನೆಯವರೆಗೂ ಕೇಳಿದ. ನೂಲುವುದನ್ನು ನಿಲ್ಲಿಸಲಿಲ್ಲ.

“ಏ ಬೀರಾ, ಹೊರಗ ಬಾ.”

ಬೀರ ತೆವಳಿಕೊಂಡು ಬಂದು ಎದುರು ನಿಂತ.

“ಅವತ್ತ ನನಗ ಕೇಳಿಸಿತ್ತು,” ಎಂದ ಕಾಳಪ್ಪ. “ನನ್ನ ಕಿವಿ ಆವಾಗ ಚಲೋ ಇತ್ತು.”

“ಮತ್ತ ಇಷ್ಟ ವರ್ಷ ಯಾಕ ಅನ್ಲಿಲ್ಲ ಯಪ್ಪಾ?”

“ಏನಂತ ಅನ್ಲಿ? ಊರಾಂವ ಅಂದಿ. ಊರಾಂವನ ಅದೀನಲ್ಲ.” ನೂಲು ಎಳೆಯುತ್ತ, “ಬಜ್ಜಿ ನಿನಗ ಕೊಡಲಿಲ್ಲ ಅನ್ನೂದ ಹಾಡಿನಾಗ ಬಂದಿಲ್ಲ. ಅಷ್ಟೂ ನಾನ ತಿಂದೆ. ಬಿಸಿ ಇದ್ದುವು,” ಎಂದ.

ರಜಿತಾ ನಕ್ಕಳು. ಬೀರನೂ ನಕ್ಕ, ಗ್ರೀಸು ಹತ್ತಿದ ಕೈಯಿಂದಲೇ ಕಣ್ಣು ಒರೆಸಿಕೊಂಡು ಮುಖವೆಲ್ಲ ಕರಿ ಮಾಡಿಕೊಂಡ.

ಹತ್ತೊಂಬತ್ತರ ಬೇಸಿಗೆಗೆ ಆಲ್ಬಮ್ ಸಿದ್ಧವಾಯಿತು. ಪ್ರಚಾರದ ಜವಾಬ್ದಾರಿ ಬೀರನದು. ಗದ್ವಾಲದ ಗೋಡೆಗಳ ಮೇಲೆ ಪೋಸ್ಟರ್ ಅಂಟಿಸಿದ. ಜಾಗ ಸಾಲದೆ ಪ್ರೆಸ್ಸಿನವನು ಎಂಸಿ ಬಿಟ್ಟುಬಿಟ್ಟಿದ್ದ. ದೊಡ್ಡ ತೆಲುಗು ಅಕ್ಷರದಲ್ಲಿ “ಬೀರ್ ಬರುತ್ತಿದೆ, ಶನಿವಾರದಿಂದ” ಎಂದಿತ್ತು, ಕೆಳಗೆ ವ್ಯಾಸರಾಜನ ಮನೆಯ ಫೋನ್ ನಂಬರು. ಎರಡು ದಿನ ವಿಜಯಾಬಾಯಿಗೆ ಪುರುಸೊತ್ತಿಲ್ಲ. ತಂಪಗಿದೆಯೋ ಎಂದು ಒಬ್ಬ, ಪೆಟ್ಟಿಗೆಯ ಲೆಕ್ಕದಲ್ಲಿ ಸಿಗುತ್ತದೋ ಎಂದು ಇನ್ನೊಬ್ಬ. “ಇದು ಆಚಾರ್ರ ಮನಿ,” ಎಂದರೆ, “ಮನೀಗೇ ಬಂದು ಒಯ್ಯಬೇಕೇನ್ರಿ?” ಎಂದು ಕೇಳುತ್ತಿದ್ದರು. ಮೂರನೆಯ ದಿನ ಅಬಕಾರಿಯವರ ಜೀಪೇ ಬಂತು. ಇಳಿದ ಪೇದೆಯನ್ನು ವಿಜಯಾಬಾಯಿ ಪಡಸಾಲೆಯಲ್ಲಿ ಕೂಡಿಸಿ ಎಂಟೂ ಹಾಡು ಕೇಳಿಸಿದರು. ಐದನೆಯದನ್ನು ಅವನು ಎರಡು ಸಲ ಕೇಳಿದ. ಹೋಗುವಾಗ ಲಿಂಕ್ ಕಳಿಸಲು ಹೇಳಿ, ಪೋಸ್ಟರಿನ ಮೇಲೆ ಕಾಗದ ಅಂಟಿಸಿರೆಂದು ವಿನಂತಿಸಿಕೊಂಡ.

ಆಲ್ಬಮ್ ಹೋದ ಕಡೆಯಲ್ಲೆಲ್ಲ ಹೊರಗಿನದೇ ಆಯಿತು. ನಾರಾಯಣಪೇಟೆಯ ಕಾಲೇಜಿನಲ್ಲಿ ಹಾಡಿದರೆ, ಕರ್ನಾಟಕದ ಹಾಡು ಚೆನ್ನಾಗಿದೆ ಎಂದರು. ರಾಯಚೂರಿನಲ್ಲಿ ಹಾಡಿದರೆ, ತೆಲುಗು ಹಾಡಾದರೂ ಅರ್ಥವಾಗುತ್ತದೆ ಎಂದರು. ಬೀರ ಎರಡನ್ನೂ ಹೊಗಳಿಕೆಯೆಂದೇ ತೆಗೆದುಕೊಂಡ. ಕೇಳಿದವರ ಸಂಖ್ಯೆ ನಾಲ್ಕು ಸಾವಿರ ಚಿಲ್ಲರೆಗೆ ನಿಂತಿತು. ಅದರಲ್ಲಿ ಚಿಲ್ಲರೆಯಷ್ಟು ರಜಿತಾಳದೇ ಎಂದು ವ್ಯಾಸರಾಜ ಈಗಲೂ ಚೇಷ್ಟೆ ಮಾಡುತ್ತಾನೆ.

ಹೆಸರು ಬಂದದ್ದು ಬೇರೆ ಕಡೆಯಿಂದ. ಮರುವರ್ಷ ಒಬ್ಬ ಪಶುವೈದ್ಯರು ಕುರಿಗಳಿಗೆ ಸೂಜಿ ಹಾಕಿಸಿರೆಂದು ಹಳ್ಳಿಹಳ್ಳಿಯಲ್ಲಿ ಸಾರಲು ಒಂದು ರೆಕಾರ್ಡಿಂಗ್ ಕೇಳಿದರು. ಬೀರ ತೆಲುಗು, ಕನ್ನಡ ಎರಡನ್ನೂ ಬೆರೆಸಿ ಒಂದೇ ಮಧ್ಯಾಹ್ನದಲ್ಲಿ ಅದನ್ನು ಪ್ರಾಸಬದ್ಧವಾಗಿ ಹೊಸೆದುಕೊಟ್ಟ. ಮಲ್ದಕಲ್‌ನಲ್ಲಿ ಕುರಿ ಇಳಿಸುತ್ತಿದ್ದಾಗ ಜಮ್ಮುಲಮ್ಮ ಎಂಬ ಮುದುಕಿ ಅವನ ದನಿ ಗುರುತಿಸಿ ತಡೆದಳು.

“ಸೂಜಿ ಹಾಡಿನಾಂವ ನೀನ ಅಲ್ಲೇನಪಾ?”

“ಹೌದಬೇ,” ಎಂದು ಬೀರ ಅಂಗಿಯ ಕಾಲರ್ ಸರಿಮಾಡಿಕೊಂಡು, ತನ್ನ ಬಾಕಿ ಎಂಟು ಹಾಡುಗಳ ಬಗ್ಗೆ ಹೇಳಲು ಬಾಯಿ ತೆರೆದ.

“ಆಡಿಗೆ ಯಾವಾಗ ಹಾಕ್ತಾರ?”

ಅವನಿಗೆ ಗೊತ್ತಿರಲಿಲ್ಲ. ಅಲ್ಲೇ ನಿಂತು ಡಾಕ್ಟರಿಗೆ ಫೋನ್ ಮಾಡಿ ಕೇಳಿ, “ಬರೂ ಬುಧವಾರ, ಮುಂಜಾನಿ ಎಂಟಕ್ಕ,” ಎಂದು ನಿಧಾನವಾಗಿ, ಬಿಡಿಸಿ ಹೇಳಿದ.